ಕೆಂಪು ಚಿಂದಿಯ ಕ್ಯಾನು

ನನ್ನ ತಂಗಿಯನ್ನು ಹೊಗಳುವವರೆಲ್ಲ ನನ್ನ ಅಂಗಡಿಗೇ ಬಂದು ಹೊಗಳುತ್ತಾರೆ. ಅವಳ ಮನೆ ಬಾಗಿಲಿಗೆ ಹೋಗಿ ಹೊಗಳಲಿ, ಯಾರು ಬೇಡ ಅಂದರು? ನನ್ನ ಬಾಣಲೆಯ ಮುಂದೆ ನಿಂತು, ನಾನು ಕರಿದ ಆಲೂಗೆಡ್ಡೆ ಹೋಳುಗಳನ್ನು ಕುರುಕುರು ಅಗಿಯುತ್ತಾ, "ನಿಮ್ಮ ತಂಗಿ ಅಂದ್ರೆ ತಂಗಿ ಕಣ್ರೀ, ಇಡೀ ಬಡಾವಣೆಗೇ ಹೆಸರು ತಂದ್ರು" ಎನ್ನುತ್ತಾರೆ. ಕೈಯಲ್ಲಿರುವ ಜಾಲರಿ ಸೌಟಿನಿಂದ ಒಂದು ಬಿಡೋಣ ಅನ್ನಿಸುತ್ತದೆ. ಬಿಡುವುದಿಲ್ಲ. "ಹೂಂ ರೀ, ಅವಳು ಮೊದಲಿಂದಲೂ ಜಾಣೆ" ಎಂದು ಹಲ್ಲು ಕಿರಿದು ಇನ್ನೊಂದು ಪೊಟ್ಟಣ ಕಟ್ಟಿಕೊಡುತ್ತೇನೆ.

ಅವಳು ಮಾಡುವ ಘನಕಾರ್ಯ ಇಷ್ಟು: ಮನೆಮನೆಯಿಂದ, ಅಂಗಡಿ ಅಂಗಡಿಯಿಂದ ಕರಿದು ಉಳಿದ ಎಣ್ಣೆಯನ್ನು ತರಿಸಿಕೊಂಡು ಸೋಸುವುದು. ಒಂದಿಷ್ಟರಲ್ಲಿ ಸೋಪು ಮಾಡಿ ಎಣ್ಣೆ ಕೊಟ್ಟವರಿಗೇ ಹಂಚುತ್ತಾಳೆ. ಮಿಕ್ಕಿದ್ದನ್ನು ಲಾರಿಗಳಿಗೆ ಇಂಧನ ತಯಾರಿಸುವವರು ಬಂದು ಪೀಪಾಯಿಗಳಲ್ಲಿ ಒಯ್ಯುತ್ತಾರೆ. ಒಳ್ಳೆಯ ಕೆಲಸವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಎಣ್ಣೆಯನ್ನು ಬೆಂಕಿಯ ಮುಂದೆ ನಿಂತು ಕಪ್ಪು ಮಾಡಿದವಳು ಯಾರು? ಮುಂಗೈ ತುಂಬ ಸುಟ್ಟ ಕಲೆ ಯಾರಿಗೆ? ನಾನು ಬಿಸಾಡಿದ್ದರಿಂದ ಅವಳಿಗೆ ಹೆಸರು. ಇದಕ್ಕೆ ಹೊಟ್ಟೆ ಉರಿಯದಿದ್ದರೆ ಇನ್ಯಾವುದಕ್ಕೆ ಉರಿಯಬೇಕು?

ಹೋಗಲಿ, ಹೆಸರನ್ನು ಅವಳೇ ಇಟ್ಟುಕೊಳ್ಳಲಿ. ಅವಳು ಅಮ್ಮನನ್ನೂ ಇಟ್ಟುಕೊಂಡಿದ್ದಾಳೆ. ನನ್ನ ನಿಜವಾದ ಸಂಕಟ ಅದು.

ಅಂಗಡಿ ಅಮ್ಮ ಶುರು ಮಾಡಿದ್ದು. ಬೀದಿಗೆ ತೆರೆದ ಒಂದು ಕೋಣೆ, ಮುಂದೆ ಒಲೆ, ಹಿಂದೆ ಹಿಟ್ಟು ಕಲಸುವ ಕಟ್ಟೆ, ಒಲೆಯ ಪಕ್ಕ ಒಂದು ಮರದ ಸ್ಟೂಲು. ಇದರ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ನಾನು ಶಾಲೆಯಿಂದ ಬಂದು ಚೀಲ ಇಳಿಸಿ ನೇರವಾಗಿ ಅಮ್ಮನ ಪಕ್ಕ ನಿಂತು ಈರುಳ್ಳಿ ಹೆಚ್ಚುತ್ತಿದ್ದೆ. ತಂಗಿ ಮಾತ್ರ "ಹೊಗೆಗೆ ಕಣ್ಣು ಉರಿಯುತ್ತೆ" ಎಂದು ಮೂಗು ಮುರಿದು ಪುಸ್ತಕ ಹಿಡಿದು ಒಳಗೆ ಹೋಗುತ್ತಿದ್ದಳು. ಎಣ್ಣೆ ಕಾದಿದೆಯೋ ಇಲ್ಲವೋ ಎನ್ನುವುದು ಅವಳಿಗೆ ಇವತ್ತಿಗೂ ಗೊತ್ತಾಗುವುದಿಲ್ಲ.

ಅಮ್ಮನಿಗೆ ಅದನ್ನು ತಿಳಿಯಲು ಕಣ್ಣೂ ಬೇಕಿರಲಿಲ್ಲ. ಬಾಣಲೆಯ ಕಡೆ ಸ್ವಲ್ಪ ಬಗ್ಗಿ ಮೂಗರಳಿಸಿದರೆ ಸಾಕು. "ಇನ್ನೂ ಸ್ವಲ್ಪ ಇರು", "ಈಗ ಬಿಡು", "ನಿನ್ನೆ ಮೀನು ಕರಿದ ಎಣ್ಣೆ ಇದಕ್ಕೆ ಸೇರಿಸಿದೀಯಾ, ಸುಳ್ಳು ಹೇಳ್ಬೇಡ" ಎನ್ನುತ್ತಿದ್ದಳು. ಗಿರಾಕಿಗಳು ತಮಾಷೆಗೆ ಅಮ್ಮನ ಮೂಗಿಗೆ ದೃಷ್ಟಿ ತೆಗೆಯಬೇಕು ಎಂದು ನಗುತ್ತಿದ್ದರು. ಆ ಮೂಗಿನ ವಿದ್ಯೆಯಲ್ಲಿ ನನಗೆ ಅರ್ಧ ಬಂದಿದೆ. ತಂಗಿಗೆ ಚೂರೂ ಬಂದಿಲ್ಲ ಎನ್ನುವುದು ನನಗೆ ಬಹಳ ವರ್ಷ ಸಮಾಧಾನ ಕೊಟ್ಟ ಸಂಗತಿ.

ಆಮೇಲೆ ಅಮ್ಮನಿಗೆ ಕೆಮ್ಮು ಹಿಡಿಯಿತು. ಬರಬರುತ್ತಾ ಒಂದು ಸಲ ಶುರುವಾದರೆ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲುತ್ತಿರಲಿಲ್ಲ. ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, "ಅಜ್ಜೀ, ಇನ್ಮೇಲೆ ಕರಿಯೋ ಹೊಗೆ ಹತ್ರ ಸುಳೀಬೇಡಿ" ಎಂದುಬಿಟ್ಟರು. ನಮ್ಮ ಮನೆಯಲ್ಲಿ ಹೊಗೆ ಇಲ್ಲದ ಜಾಗ ಎಲ್ಲಿದೆ? ಹಾಸಿಗೆಯ ದಿಂಬಿಗೂ ಈರುಳ್ಳಿ ವಾಸನೆ. ತಂಗಿ ಅದೇ ವಾರ ಬಂದು ಅಮ್ಮನ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ಹಾಕಿಕೊಂಡಳು. "ನಮ್ಮನೆ ಗಾಳಿ ಬೆಳಕು ಚೆನ್ನಾಗಿದೆ ಅಕ್ಕ" ಎಂದಳು. ನಮ್ಮ ಮನೆಯ ಗಾಳಿ ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಜಾಣೆ.

ಕಾರಣ ನನಗೆ ಗೊತ್ತು. ಅಮ್ಮನ ಉಸಿರಿಗಾಗಿ ಅದು ಆಗಲೇಬೇಕಿತ್ತು ಎಂದೂ ಗೊತ್ತು. ಕಾರಣ ಗೊತ್ತಿದ್ದರೆ ಹೊಟ್ಟೆಕಿಚ್ಚು ತಣ್ಣಗಾಗುತ್ತದೆ ಎಂದುಕೊಂಡವರು ಒಮ್ಮೆ ನನ್ನ ಅಂಗಡಿಗೆ ಬಂದು ಆ ಖಾಲಿ ಸ್ಟೂಲು ನೋಡಲಿ. ಅದರ ಮೇಲೆ ನಾನು ಯಾರನ್ನೂ ಕೂರಿಸುವುದಿಲ್ಲ. ನನ್ನ ಗಂಡ ಒಂದು ಸಲ ಹಿಟ್ಟಿನ ಪಾತ್ರೆ ಇಟ್ಟದ್ದಕ್ಕೆ ಎರಡು ದಿನ ನನ್ನಿಂದ ಮಾತು ಕೇಳಿದರು.

ತಂಗಿಯ ಮನೆ ನಾಲ್ಕು ಬೀದಿ ಆಚೆ. ಹೋಗಿ ನೋಡಿಕೊಂಡು ಬರಬಹುದು. ಶುರುವಿನಲ್ಲಿ ಹೋಗಿದ್ದೆ. ಅಮ್ಮ ಅವಳ ಅಡುಗೆಮನೆಯಲ್ಲಿ ಅವಳ ಡಬ್ಬಿಗಳನ್ನೆಲ್ಲ ಕಣ್ಣು ಮುಚ್ಚಿಕೊಂಡೇ ತೆಗೆಯುತ್ತಾ, ಅವಳ ಲೋಟದಲ್ಲಿ ನನಗೆ ಕಾಫಿ ತಂದು ಕೊಟ್ಟು, "ಬಿಸ್ಕತ್ತು ತಗೋ" ಎಂದಳು. ನನಗೆ! ನೆಂಟಳಿಗೆ ಹೇಳಿದ ಹಾಗೆ! ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಅಂಗಡಿ ಬಿಟ್ಟು ಬರುವುದು ಕಷ್ಟ ಎಂದು ಹೇಳಿ ಆಮೇಲೆ ಹೋಗುವುದನ್ನೇ ಬಿಟ್ಟೆ. ಅಮ್ಮ ಹೊಗೆಗೆ ಹೆದರಿ ಇತ್ತ ಬರುವಂತಿಲ್ಲ, ನಾನು ಬಿಗುಮಾನ ಬಿಟ್ಟು ಅತ್ತ ಹೋಗುವುದಿಲ್ಲ.

ಈ ಎಣ್ಣೆಯ ಕೆಲಸ ಶುರುವಾದದ್ದೂ ನನ್ನ ಅಂಗಡಿಯ ಮುಂದಿನಿಂದಲೇ. ಬೀದಿಯವರೆಲ್ಲ, ನಾನೂ ಸೇರಿ, ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯುತ್ತಿದ್ದೆವು. ಒಂದು ದಿನ ಚರಂಡಿ ಕಟ್ಟಿಕೊಂಡು ಹೊಲಸು ನೀರು ಉಕ್ಕಿ ಅಂಗಡಿಯ ಮೆಟ್ಟಿಲಿಗೆ ಬಂತು. ಚರಂಡಿ ಕೆಲಸದವರು ಒಳಗಿಂದ ಮೇಣದಂಥ ಬಿಳಿ ಗಡ್ಡೆಗಳನ್ನು ಸಲಿಕೆಯಲ್ಲಿ ಎತ್ತಿ ಹಾಕಿದರು. ತಂಗಿ ಅಂದು ಬಂದಿದ್ದವಳು ಮೂಗಿಗೆ ಸೆರಗು ಹಿಡಿದು ನೋಡಿದಳು. ನಾನು ಬಕೆಟ್ಟು ಬಕೆಟ್ಟು ನೀರು ಹಾಕಿ ಮೆಟ್ಟಿಲು ತೊಳೆದೆ. ಅವಳು ಮನೆಗೆ ಹೋಗಿ ಯೋಚನೆ ಮಾಡಿದಳು. ತೊಳೆದವಳ ಹೆಸರು ಯಾರಿಗೆ ಬೇಕು?

ಒಂದೆರಡು ತಿಂಗಳಲ್ಲಿ ಅವಳ ಮನೆ ಪಕ್ಕದ ಕಾರಿನ ಶೆಡ್ಡಿಗೆ ಬಣ್ಣ ಹೊಡೆದಾಯಿತು. ಒಳಗೆ ಪೀಪಾಯಿಗಳು, ಗೋಡೆಗೆ ಕಪಾಟು, ಸೋಪು ಹೊಯ್ಯುವ ಅಚ್ಚುಗಳು, ಕೈಗೆ ರಬ್ಬರ್ ಗವಸು. ಪ್ರತಿ ಸೋಮವಾರ ಬೆಳಿಗ್ಗೆ ಮೂರು ಚಕ್ರದ ಗಾಡಿಯವನು ಮನೆಮನೆಗೆ ಬಂದು ತುಂಬಿದ ಕ್ಯಾನು ಎತ್ತಿಕೊಂಡು ಖಾಲಿ ಕ್ಯಾನು ಕೊಟ್ಟು ಹೋಗುತ್ತಾನೆ. ಎಲ್ಲ ಒಂದೇ ಥರದ ಬಿಳಿ ಪ್ಲಾಸ್ಟಿಕ್ ಕ್ಯಾನುಗಳು, ಒಳಗಿನ ಎಣ್ಣೆಯ ಬಣ್ಣ ಹೊರಗೆ ಕಾಣುತ್ತದೆ. ಮನೆಗೆ ಎರಡೆರಡು. ಅದಲು ಬದಲಾಗದಿರಲೆಂದು ಒಬ್ಬೊಬ್ಬರು ತಮ್ಮ ಕ್ಯಾನುಗಳ ಹಿಡಿಗೆ ಒಂದೊಂದು ಗುರುತು ಕಟ್ಟಿಕೊಂಡರು. ದರ್ಜಿ ಒಂದು ಗುಂಡಿ, ಬೇಕರಿಯವನು ಹಳದಿ ದಾರ, ಎದುರು ಮನೆಯ ಮೇಷ್ಟ್ರು ಪೆನ್ನಿನ ಮುಚ್ಚಳ.

ನಾನು ಕಟ್ಟಿದ್ದು ಕೆಂಪು ಚಿಂದಿ. ಅಮ್ಮ ಅಂಗಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದ ಹಳೆಯ ಕೆಂಪು ಏಪ್ರನ್ನು ಇಲ್ಲೇ ಮೊಳೆಗೆ ನೇತಾಡುತ್ತಿತ್ತು, ಅದರ ಅಂಚು ಹರಿದು ಕಟ್ಟಿದೆ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಣ್ಣೆ ಸೋಸುವ ಕೆಲಸ ಅಮ್ಮನದಂತೆ, ಗಾಡಿಯವನು ಹೇಳಿದ್ದ. ಸೋಸುವುದು ತಣ್ಣನೆಯ ಎಣ್ಣೆ, ಅಲ್ಲಿ ಹೊಗೆಯಿಲ್ಲ. ಅವಳು ಆ ಚಿಂದಿ ನೋಡಲಿ, ತಾನು ಎಲ್ಲಿಯವಳು ಎನ್ನುವುದು ಮರೆಯದಿರಲಿ ಎಂದೇ ಕಟ್ಟಿದೆ.

ಅವಳು ಮರೆತ ಹಾಗೇನೂ ಕಾಣಲಿಲ್ಲ, ಅಲ್ಲಿ ಕೂತೇ ನನ್ನ ಮೇಲೆ ಯಜಮಾನಿಕೆ ನಡೆಸತೊಡಗಿದಳು. ಒಂದು ಮಂಗಳವಾರ ಗಾಡಿಯವನು ಅಂಗಡಿಯ ಮುಂದೆ ಹಾದು ಹೋಗುವವನು ಬ್ರೇಕು ಹಾಕಿ ಕೂಗಿದ.

"ಅಕ್ಕಾ, ನಿಮ್ಮಮ್ಮ ಹೇಳಿ ಕಳಿಸಿದಾರೆ. ಹಿಟ್ಟಿಗೆ ನೀರು ಜಾಸ್ತಿ ಆಗ್ತಿದೆಯಂತೆ."

"ಅವರಿಗೆ ಯಾರು ಹೇಳಿದ್ರು?"

"ಅದೆಲ್ಲ ನಂಗೊತ್ತಿಲ್ಲಪ್ಪ, ಹೇಳು ಅಂದ್ರು ಹೇಳ್ದೆ" ಎಂದು ಹೊರಟೇಹೋದ.

ಹಿಟ್ಟಿಗೆ ನೀರು ಜಾಸ್ತಿಯಾಗಿದ್ದದ್ದು ನಿಜ. ಆ ವಾರ ಹೊಸ ಹಿಟ್ಟು ತಂದಿದ್ದೆವು, ಹದ ಸಿಕ್ಕಿರಲಿಲ್ಲ. ಅದು ಗೊತ್ತಿದ್ದದ್ದು ನನಗೆ ಮತ್ತು ನನ್ನ ಗಂಡನಿಗೆ. ನಾನು ಸೀದಾ ಗಂಡನ ಮೇಲೆ ಹರಿಹಾಯ್ದೆ.

"ನೀವು ಅಲ್ಲಿಗೆ ಹೋಗಿ ಚಾಡಿ ಹೇಳ್ತಿದೀರಾ?"

"ಅಯ್ಯೋ ಮಾರಾಯ್ತಿ, ನಿನ್ನ ಕೈಲಿ ಸಿಕ್ಕಿ ನನಗೆ ಉಸಿರಾಡೋಕೆ ಪುರುಸೊತ್ತಿಲ್ಲ, ಚಾಡಿ ಯಾವಾಗ ಹೇಳ್ಲಿ?" ಎಂದರು. ನಾನು ನಂಬಲಿಲ್ಲ. ಅತ್ತೆ ಎಂದರೆ ಅವರಿಗೆ ಮೊದಲಿಂದಲೂ ಪ್ರೀತಿ, ಅಂಥವರನ್ನು ನಂಬಬಾರದು.

ಆಮೇಲೆ ನನಗೆ ಜ್ವರ ಬಂತು. ಎದ್ದು ನಿಲ್ಲಲಾಗದೆ ಹಿಂದಿನ ಕೋಣೆಯಲ್ಲಿ ಮಲಗಿಬಿಟ್ಟೆ, ಬಾಣಲೆಯನ್ನು ಗಂಡ ನೋಡಿಕೊಂಡರು. ಅವರು ನೋಡಿಕೊಂಡರು ಎಂದರೆ ಅರ್ಧ ಕರಿದರು, ಅರ್ಧ ಸುಟ್ಟರು. ತಂಗಿಗಾಗಲಿ ಅಮ್ಮನಿಗಾಗಲಿ ಹೇಳಕೂಡದು ಎಂದು ಅವರಿಂದ ಆಣೆ ಮಾಡಿಸಿಕೊಂಡಿದ್ದೆ. ಜ್ವರ ಬಂದಿದೆ ಎಂದರೆ ತಂಗಿ ಹಣ್ಣಿನ ಬುಟ್ಟಿ ಹಿಡಿದು ಬಂದು, ತನ್ನ ಗಾಳಿ ಬೆಳಕಿನ ಮನೆಗೆ ನನ್ನನ್ನೂ ಕರೆಯುತ್ತಾಳೆ. ಅದರ ಬದಲು ಜ್ವರವೇ ವಾಸಿ. ಆದರೆ ಸೋಮವಾರದ ಕ್ಯಾನು ಹೋಗಿ ಅರ್ಧ ದಿನ ಕಳೆಯುವಷ್ಟರಲ್ಲಿ ಗಾಡಿಯವನು ವಾಪಸ್ ಬಂದ. ಕೈಯಲ್ಲಿ ಮೆಣಸಿನ ಕಷಾಯದ ಬಾಟಲಿ.

"ಮೈ ಹುಷಾರಿಲ್ದಿದ್ರೆ ಒಂದಿನ ಬಾಗಿಲು ಹಾಕ್ಬೇಕಂತೆ, ನಿಮ್ಮಮ್ಮ ಹೇಳಿದ್ರು. ಇದು ಬಿಸಿ ಮಾಡಿ ಕುಡೀಬೇಕಂತೆ."

ಕಷಾಯ ಕುಡಿದೆ. ಅಮ್ಮನ ಕೈಯ ರುಚಿ, ಕಣ್ಣಲ್ಲಿ ನೀರು ಬಂತು. ಮೆಣಸಿಗೆ ಎಂದು ಹೇಳಿಕೊಂಡೆ. ಕುಡಿದು ಮುಗಿಸಿ ಗಂಡನ ಜೊತೆ ಮತ್ತೆ ಜಗಳ ತೆಗೆದೆ. ಅವರು ಈ ಸಲ ದೇವರ ಮೇಲೆ, ತಮ್ಮ ತಲೆಯ ಮೇಲೆ, ಕೊನೆಗೆ ಬಾಣಲೆಯ ಮೇಲೂ ಆಣೆ ಮಾಡಿದರು. ಕಷಾಯ ಕಳಿಸುವ ಬದಲು ಒಂದು ಗಳಿಗೆ ಬಂದು ಹೋಗಬಾರದಿತ್ತೇ ಎನ್ನುವುದು ನನ್ನ ಒಳಗಿನ ಕೊರೆತ. ತಂಗಿಗೆ ನೆಗಡಿಯಾದರೆ ಅಮ್ಮ ಮಂಚದ ಪಕ್ಕವೇ ಕೂರುತ್ತಾಳೆ. ನನಗೆ ಬಾಟಲಿ.

ಹೀಗೇ ನಡೆಯುತ್ತಿತ್ತು. ಒಂದು ಸೋಮವಾರ ಗಾಡಿಯವನು ಖಾಲಿ ಕ್ಯಾನು ಕೊಡುವುದನ್ನು ಮರೆತು ಹೋದ. ಹಳೆಯ ಎಣ್ಣೆ ಸುರಿಯಲು ಬೇರೆ ಕ್ಯಾನು ಇರಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ನಾನೇ ತರೋಣ ಎಂದು ಹೊರಟೆ. ಸುಳ್ಳು ಯಾಕೆ, ಕ್ಯಾನು ಒಂದು ನೆಪ. ಅಮ್ಮನನ್ನು ದೂರದಿಂದಲಾದರೂ ನೋಡುವ ಆಸೆಯಿತ್ತು. ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು ಹೋದೆ.

ಶೆಡ್ಡಿನ ಮುಂದೆ ಜನ. ಯಾವುದೋ ಶಾಲೆಯ ಟೀಚರುಗಳು ಎಣ್ಣೆ ಕೆಲಸ ನೋಡಲು ಬಂದಿದ್ದರು. ತಂಗಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈ ಆಡಿಸುತ್ತಾ ವಿವರಿಸುತ್ತಿದ್ದಳು. ಅವಳ ಹಿಂದೆ ಕಪಾಟಿನ ಮೇಲೆ ಬಡಾವಣೆಯವರ ಕ್ಯಾನುಗಳೆಲ್ಲ ಸಾಲಾಗಿ ಕೂತಿದ್ದವು. ಕೆಲವು ಜೇನಿನ ಬಣ್ಣ, ಕೆಲವು ಟೀ ಬಣ್ಣ. ನನ್ನದು ಆ ಸಾಲಿನಲ್ಲಿ ಇರಲಿಲ್ಲ. ಬಾಗಿಲಲ್ಲೇ, ಅಮ್ಮನ ಕುರ್ಚಿಯ ಪಕ್ಕದಲ್ಲಿ, ಬಂದವರೆಲ್ಲರ ಕಣ್ಣಿಗೆ ರಾಚುವ ಹಾಗೆ ನೆಲದ ಮೇಲೆ ಒಂಟಿಯಾಗಿ ಇಟ್ಟಿದ್ದರು. ಕೆಂಪು ಚಿಂದಿ, ಒಳಗೆ ಕಪ್ಪು ಎಣ್ಣೆ.

ನಾನು ಗೇಟಿನ ಹೊರಗೆ ಕಂಬದ ಮರೆಯಲ್ಲಿ ನಿಂತೆ. ಒಬ್ಬ ಟೀಚರು ನನ್ನ ಕ್ಯಾನಿನತ್ತ ಬೆರಳು ತೋರಿಸಿ ಕೇಳಿದರು.

"ಇದೇನಿದು, ಡಾಂಬರು ಇದ್ದ ಹಾಗಿದೆ?"

"ಅದು ನಮ್ಮಕ್ಕನ ಅಂಗಡಿದು" ಎಂದಳು ತಂಗಿ. "ಇಡೀ ಬಡಾವಣೇಲಿ ಇದಕ್ಕಿಂತ ಕಪ್ಪು ಎಣ್ಣೆ ನಿಮಗೆಲ್ಲೂ ಸಿಗಲ್ಲ!"

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಒಂದು ಕೈ ಕ್ಯಾನಿನ ಮುಚ್ಚಳದ ಮೇಲಿಟ್ಟುಕೊಂಡು, ಬಾಯಿ ತುಂಬ ನಕ್ಕಳು.

ತಂಗಿ ನಗಲಿ, ಅವಳ ಹಣೆಬರಹ. ಹೊಗೆ ಕುಡಿದು ಅದೇ ಬಾಣಲೆಯಿಂದ ನಮ್ಮಿಬ್ಬರನ್ನೂ ಸಾಕಿದ ಅಮ್ಮ, ನನ್ನ ಬಾಣಲೆಯ ಎಣ್ಣೆ ನೋಡಿ ನಗಬಹುದೇ? ದಿನಾ ಬೆಳಗಿನಿಂದ ಸಂಜೆವರೆಗೆ ಕರಿದರೆ ಎಣ್ಣೆ ಕಪ್ಪಾಗದೆ ಹಾಲಾಗುತ್ತದೆಯೇ? ಹದ ಮೀರಿದ ಎಣ್ಣೆಯಲ್ಲಿ ನಾನು ಯಾವತ್ತೂ ಕರಿದವಳಲ್ಲ, ಮೀರುವ ಹೊತ್ತಿಗೆ ತೆಗೆದು ಕ್ಯಾನಿಗೆ ಸುರಿಯುತ್ತೇನೆ. ಅದನ್ನು ಕಲಿಸಿದವಳೇ ಅಮ್ಮ. ಕ್ಯಾನು ತೆಗೆದುಕೊಳ್ಳದೆ ತಿರುಗಿ ಬಂದೆ. ಸಂಜೆ ಗಿರಾಕಿಗಳಿಗೆ ಕೊಟ್ಟ ತಿಂಡಿಗೆ ಉಪ್ಪು ಹಾಕಿದೆನೋ ಇಲ್ಲವೋ ಅದೂ ನೆನಪಿಲ್ಲ.

ಆ ವಾರವೆಲ್ಲ ಹೊಟ್ಟೆಯೊಳಗೆ ಒಂದೇ ಉರಿ. ಬಿಳಿ ಎಣ್ಣೆ ಬೇಕೇ ಇವರಿಗೆ? ಕೊಡೋಣ. ಭಾನುವಾರ ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ, ವಾರಕ್ಕೆಂದು ತಂದಿದ್ದ ಹೊಸ ಎಣ್ಣೆಯ ತಗಡಿನ ಡಬ್ಬ ಎಳೆದು ಮುಚ್ಚಳ ಕಿತ್ತೆ. ಒಂದು ಹನಿ ಹಳೆಯದು ಸೇರಿಸದೆ, ಗಾಡಿಯವನು ಮರೆತು ಆಮೇಲೆ ತಂದುಕೊಟ್ಟಿದ್ದ ಕ್ಯಾನಿಗೆ ಕಂಠದವರೆಗೂ ಸುರಿದೆ. ವಾರದ ನಿಜವಾದ ಕರಿದ ಎಣ್ಣೆಯನ್ನು ಹಿಂದಿನ ಕೋಣೆಯಲ್ಲಿ ಬಕೆಟ್ಟಿನಲ್ಲಿ ಮುಚ್ಚಿಟ್ಟೆ.

ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಕೊನೆಗೆ ಬಾಯಿಬಿಟ್ಟರು.

"ನಿನಗೆ ತಲೆ ನೆಟ್ಟಗಿದೆಯಾ? ಹೊಸಾ ಎಣ್ಣೆನ ಸೋಪಿಗೆ ಕಳಿಸ್ತಿದೀಯಾ?"

"ನೋಡ್ಲಿ. ಈ ಸಲ ಯಾವ ಟೀಚರು ಬರ್ತಾರೋ ಬರ್ಲಿ. ಕಪ್ಪು ಅಂತ ಯಾರು ನಗ್ತಾರೋ ನಗ್ಲಿ."

"ಅಲ್ವೇ, ಕರಿಯೋ ಅಂಗಡಿಯಿಂದ ಇಷ್ಟು ಬೆಳ್ಳಗಿರೋ ಎಣ್ಣೆ ಬಂದ್ರೆ ಯಾರು ನಂಬ್ತಾರೆ?"

"ನಿಮಗ್ಯಾಕೆ? ನೀವು ಹೋಗಿ ಮಲಕ್ಕೊಳ್ಳಿ."

ಅವರು ನಿಟ್ಟುಸಿರು ಬಿಟ್ಟು ಹೋದರು. ನಾನು ಕ್ಯಾನನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಆಚೆಯ ಗೋಡೆಯ ಬಿರುಕು ಕೂಡ ಕಾಣುವಷ್ಟು ತಿಳಿ. ಕೆಂಪು ಚಿಂದಿಯನ್ನು ಬಿಚ್ಚಿ, ಸೋಪು ಹಾಕಿ ಒಗೆದು, ಮತ್ತೆ ಬಿಗಿಯಾಗಿ ಕಟ್ಟಿದೆ.

ಸೋಮವಾರ ಗಾಡಿಯವನು ಕ್ಯಾನು ಎತ್ತಿದವನು ನನ್ನ ಮುಖ ನೋಡಿದ, ಕ್ಯಾನು ನೋಡಿದ, ಗಾಡಿಗೆ ಹಾಕಿಕೊಂಡು ಹೋದ. ದಿನವೆಲ್ಲ ನನಗೆ ಖುಷಿಯೋ ಖುಷಿ. ತಂಗಿ ಕಪಾಟಿನ ಮುಂದೆ ಬೆಪ್ಪಾಗಿ ನಿಂತಿರುವುದನ್ನು ಊಹಿಸಿಕೊಂಡು ಒಬ್ಬಳೇ ನಗುತ್ತಾ ಕರಿದೆ. ಈರುಳ್ಳಿ ಹೆಚ್ಚುವಾಗ ಗುನುಗಿಕೊಂಡೆ ಕೂಡ. ಗಂಡ ನನ್ನ ಹತ್ತಿರ ಬರಲೂ ಹೆದರಿ ಹಿಂದಿನ ಕಟ್ಟೆಯಲ್ಲೇ ಹಿಟ್ಟು ಕಲಸಿದರು.

ಸಂಜೆ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಬಾಣಲೆಯಲ್ಲಿ ಮೀನು ಚಟಪಟ ಅನ್ನುತ್ತಿತ್ತು, ಹೊಗೆ ದಟ್ಟವಾಗಿ ಬೀದಿಗೆ ಹೋಗುತ್ತಿತ್ತು. ಆ ಹೊಗೆಯೊಳಗಿಂದ ಯಾರೋ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. "ಸಾಲಲ್ಲಿ ಬನ್ನಿ" ಎಂದು ಗದರಲು ಬಾಯಿ ತೆರೆದೆ. ನೋಡಿದರೆ ಅಮ್ಮ.

ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ತಂಗಿಯ ಚಪ್ಪಲಿ. ಕೈಯಲ್ಲಿ ಸೋಸುವ ಬಟ್ಟೆ ಹಾಗೇ ಇತ್ತು. ಒಲೆಯ ಪಕ್ಕದ ಗೋಡೆಗೆ ಅಂಗೈಯಿಟ್ಟು ನೋಡಿದಳು. ಒಲೆ ದಿನವಿಡೀ ಉರಿದರೆ ಮಾತ್ರ ಆ ಗೋಡೆ ಅಷ್ಟು ಬಿಸಿಯಾಗುತ್ತದೆ. ಅದೇ ಕೈಯನ್ನು ತಂದು ನನ್ನ ಹಣೆಗೆ, ಕತ್ತಿಗೆ ಇಟ್ಟಳು. ಆಮೇಲೆ ಕೆಮ್ಮು ಬಂತು. ಎರಡು ಮಡಿಕೆಯಾಗಿ ಬಗ್ಗಿ ಕೆಮ್ಮಿದಳು.

"ರೀ, ಒಲೆ ಆರ್ಸಿ!" ಎಂದು ಕಿರುಚಿದೆ. ಗಂಡ ಓಡಿ ಬಂದು ಒಲೆ ಆರಿಸಿ, ಅರೆಬೆಂದ ಮೀನನ್ನು ತೆಗೆದಿಟ್ಟು, ಗಿರಾಕಿಗಳನ್ನು ಕೈಮುಗಿದು ಕಳಿಸಿದರು. ನಾನು ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕುಡಿಸಿದೆ. ಹೊಗೆ ತಿಳಿಯಾಗುವವರೆಗೂ ಬೆನ್ನು ನೀವಿದೆ.

"ಒಲೆ ಉರೀತಾ ಇತ್ತು" ಎಂದಳು ಅಮ್ಮ, ಉಸಿರು ಸಿಕ್ಕಿದ ಮೇಲೆ. ಬೈಗುಳದ ದನಿಯಲ್ಲಿ. "ಮೈಯೂ ತಣ್ಣಗಿದೆ. ಮತ್ತೆ ಅದೇನೇ ಅದು?"

"ಏನು?"

"ಆ ಕ್ಯಾನು! ಮುಚ್ಚಳ ತೆಗೆದು ಮೂಸಿದ್ರೆ ಏನೂ ಇಲ್ಲ. ಮೀನಿಲ್ಲ, ಈರುಳ್ಳಿ ಇಲ್ಲ, ಬೆಂಕಿ ತಾಗಿದ ವಾಸನೇನೂ ಇಲ್ಲ. ಇನ್ನೊಂದ್ಸಲ ಮೂಸಿದೆ. ವಾರವೆಲ್ಲ ಒಲೆ ಹಚ್ಚಿಲ್ಲ ಇವಳು, ಏನೋ ಆಗಿದೆ, ಅಂಗಡಿ ಮುಚ್ಚಿ ಸಾಮಾನು ಖಾಲಿ ಮಾಡ್ತಿದಾಳೆ, ನನ್ನ ಹತ್ರ ಮುಚ್ಚಿಡ್ತಿದಾಳೆ ಅನ್ಕೊಂಡೆ. ಹೋದ್ಸಲ ಜ್ವರ ಬಂದಾಗ್ಲೂ ಹೇಳ್ಲಿಲ್ಲವಲ್ಲ ನೀನು."

ನನಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ನೀರು ಹೆಚ್ಚಾದ ಹಿಟ್ಟು. ಗಂಡ ಸುಟ್ಟ ಎಣ್ಣೆ. ಕಷಾಯದ ಬಾಟಲಿ. ಗಂಡ ಕಟ್ಟೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ಬಾಣಲೆಯ ಮೇಲೆ ಆಣೆ ಮಾಡಿದ ಮನುಷ್ಯನ ಮುಖವನ್ನು ಆಗ ನೋಡಲು ನನಗೆ ಧೈರ್ಯ ಬರಲಿಲ್ಲ.

"ಪ್ರತಿ ವಾರ ಮೂಸ್ತೀಯಾ?" ಎಂದೆ.

"ಮತ್ತಿನ್ನೇನು ಮಾಡ್ಲಿ? ನೀನಂತೂ ಆ ಕಡೆ ತಲೆ ಹಾಕಲ್ಲ. ನಾನು ಈ ಕಡೆ ಬಂದ್ರೆ ಹೀಗೆ ಕೆಮ್ತೀನಿ. ಅದನ್ನ ಮೂಸಿದ್ರೆ ನೀನು ಹೇಗಿದೀಯ ಅಂತ ಗೊತ್ತಾಗುತ್ತೆ. ಬೇಜಾರಲ್ಲಿದ್ರೆ ಈರುಳ್ಳಿ ಸೀಯಿಸ್ತೀಯ. ಖುಷಿಯಾಗಿದ್ರೆ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಯಿಸ್ತೀಯ. ಚಿಕ್ಕಂದಿನಿಂದ ಹಾಗೇ ನೀನು."

ಬಾಗಿಲಲ್ಲಿ ಸ್ಕೂಟರು ನಿಂತ ಸದ್ದಾಯಿತು. ತಂಗಿ. ಕೂದಲು ಕೆದರಿತ್ತು, ಕಾಲಿನ ಚಪ್ಪಲಿಗಳು ಅಮ್ಮನದೊಂದು ಅವಳದೊಂದು. ಒಂದು ಕೈಯಲ್ಲಿ ಅಮ್ಮನ ಉಸಿರಿನ ಪಂಪು, ಇನ್ನೊಂದರಲ್ಲಿ ಕೆಂಪು ಚಿಂದಿಯ ಕ್ಯಾನು.

"ನನಗೊಂದು ಮಾತು ಹೇಳ್ದೆ ಓಡಿ ಬಂದಿದೀಯಲ್ಲಮ್ಮ! ಎಲ್ಲೆಲ್ಲಿ ಹುಡುಕೋದು ನಾನು?" ಎಂದು ಅಮ್ಮನ ಬಾಯಿಗೆ ಪಂಪು ಹಿಡಿದಳು. ಆಮೇಲೆ ಕ್ಯಾನನ್ನು ನನ್ನ ಕಾಲ ಬಳಿ ಧೊಪ್ಪೆಂದು ಇಟ್ಟಳು. "ತಗೋ ನಿನ್ನ ಹೊಸಾ ಎಣ್ಣೆ. ನಮ್ಮಲ್ಲಿ ಉಪಯೋಗಿಸಿದ್ದು ಮಾತ್ರ ತಗೊಳ್ಳೋದು."

"ಕಪ್ಪು ಅಂತ ಆಡ್ಕೊಂಡು ನಕ್ಕಿದ್ದು ನೀವೇ ತಾನೇ?" ಎಂದೆ. ಇನ್ನು ಮುಚ್ಚಿಡುವುದು ಏನಿದೆ? "ಟೀಚರುಗಳ ಮುಂದೆ ನಾನೊಂದು ನಗೆಪಾಟಲು. ನನ್ನ ಕ್ಯಾನು ಮಾತ್ರ ಬಾಗಿಲಲ್ಲಿ ಪ್ರದರ್ಶನಕ್ಕೆ ಇಟ್ಟಿದ್ರಿ."

ತಂಗಿ ನನ್ನನ್ನೇ ದಿಟ್ಟಿಸಿದಳು. ಅವಳ ಮುಖದಲ್ಲಿ ನಾನು ಯಾವತ್ತೂ ಕಾಣದ್ದೇನೋ ಕಂಡಿತು.

"ನಾನಿಟ್ಟಿದ್ದಾ? ಅದನ್ನ ಕಪಾಟಿಗೆ ಇಡೋಕೆ ಬಿಡ್ತಾಳಾ ನಿನ್ನಮ್ಮ? ಗಾಡಿ ಬರೋ ಹೊತ್ತಿಗೆ ಗೇಟಿಗೇ ಹೋಗಿ ನಿಂತಿರ್ತಾಳೆ. ಮೊದಲು ನಿನ್ನ ಕ್ಯಾನು. ಅದನ್ನ ಮೂಸಿದ ಮೇಲೇ ಮಿಕ್ಕಿದ್ದು. ದಿನವೆಲ್ಲ ಪಕ್ಕದಲ್ಲೇ ಇಟ್ಕೊಂಡಿರ್ತಾಳೆ, ನಾನು ಮುಟ್ಟಿದ್ರೆ ಗದರ್ತಾಳೆ. ಅದಕ್ಕಿಂತ ಕಪ್ಪು ಸಿಗಲ್ಲ ಅಂದಾಗ ಯಾಕೆ ನಕ್ಕಳು ಗೊತ್ತಾ? ಆ ಟೀಚರಿಗೆ ಹೇಳಿದ್ಳು, ಅಂಗಡಿ ಭರ್ಜರಿ ನಡೀತಿದೆ ನನ್ನ ದೊಡ್ಡವಳದು, ಅದಕ್ಕೇ ಅಷ್ಟು ಕಪ್ಪು ಅಂತ. ನಾನು ಇಷ್ಟೆಲ್ಲ ಮಾಡಿದೀನಿ, ನನ್ನ ಸೋಪು ಒಂದಿನ ಚೆನ್ನಾಗಿದೆ ಅಂದವಳಲ್ಲ."

"ಚೆನ್ನಾಗೇ ಇದೆ" ಎಂದಳು ಅಮ್ಮ. "ನೊರೆ ಸ್ವಲ್ಪ ಕಮ್ಮಿ."

ನನಗೆ ಅಲ್ಲಿಗೆ ಸುಮ್ಮನಿರಬೇಕು ಎಂದು ಗೊತ್ತಿತ್ತು. ಆದರೆ ಇಷ್ಟು ವರ್ಷದ ಹೊಟ್ಟೆಕಿಚ್ಚು ಅಷ್ಟು ಬೇಗ ಆರುತ್ತದೆಯೇ? ತಂಗಿಯ ಮುಂದೆಯೇ ಕೇಳಿಬಿಟ್ಟೆ.

"ಅವಳ ಮನೆ ಎಣ್ಣೆನೂ ಮೂಸ್ತೀಯಾ?"

ಅಮ್ಮ ನನಗೆ ಬುದ್ಧಿ ನೆಟ್ಟಗಿದೆಯೋ ಎನ್ನುವಂತೆ ನೋಡಿದಳು. "ಅವಳ ಜೊತೇಲೇ ಇದೀನಲ್ಲೇ. ಅವಳದನ್ನ ಯಾಕೆ ಮೂಸ್ಲಿ?"

ತಂಗಿ ಮುಖ ಆಚೆ ತಿರುಗಿಸಿ ಸ್ಕೂಟರಿನ ಕೀಲಿ ಹುಡುಕತೊಡಗಿದಳು. ಕೀಲಿ ಅವಳ ಕೈಯಲ್ಲೇ ಇತ್ತು. ತುಟಿ ಬಿಗಿದು, ಕಣ್ಣು ಕೆಂಪಾದ ಆ ಮುಖ ನನಗೆ ಚೆನ್ನಾಗಿ ಗೊತ್ತು. ಅಮ್ಮ ಅವಳ ಮನೆಗೆ ಹೋದಂದಿನಿಂದ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅದನ್ನು ನೋಡಿದವಳು ನಾನು. ಪಾಪ ಅನ್ನಿಸಿತು. ಅದಕ್ಕಿಂತ ಮೊದಲು ಖುಷಿಯೇ ಆಯಿತು.

ಹೊರಡುವಾಗ ಅವಳ ಕೈಗೆ ಆಲೂಗೆಡ್ಡೆಯ ಒಂದು ಪೊಟ್ಟಣ ಇಟ್ಟೆ. "ಚಪ್ಪಲಿ ಸರಿಯಾಗಿ ಹಾಕ್ಕೊಂಡು ಹೋಗೇ" ಎಂದೆ. ಅವರಿಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದೊಂದು ಚಪ್ಪಲಿ ಬದಲಾಯಿಸಿಕೊಂಡರು. ಅಮ್ಮ ಸ್ಕೂಟರಿನ ಹಿಂದೆ ಕೂತು, ನನ್ನ ಬಕೆಟ್ಟಿನ ಹಳೆಯ ಎಣ್ಣೆ ತುಂಬಿದ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕೆಳಗಿಡು, ಸೀರೆ ಕೊಳೆಯಾಗುತ್ತೆ ಎಂದು ತಂಗಿ ಹೇಳಿದರೂ ಕೇಳಲಿಲ್ಲ.

ಈಗ ನಾನು ಎರಡು ವಾರಕ್ಕೊಮ್ಮೆ ತಂಗಿಯ ಮನೆಗೆ ಹೋಗುತ್ತೇನೆ. ಕಾಫಿ ಗಂಟಲಲ್ಲಿ ಇಳಿಯುತ್ತದೆ. ಬಿಸ್ಕತ್ತಿನ ಡಬ್ಬಿ ಎಲ್ಲಿದೆ ಎಂದು ನನಗೂ ಗೊತ್ತಾಗಿದೆ, ನಾನೇ ತೆಗೆದುಕೊಳ್ಳುತ್ತೇನೆ. ಹಾಗೆಂದು ನಾನು ದೇವತೆಯಾದೆ ಎಂದು ಯಾರೂ ತಿಳಿಯುವುದು ಬೇಡ. ತಂಗಿಯನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ಜಾಲರಿ ಸೌಟು ಕೈಯಲ್ಲಿ ಕುಣಿಯುತ್ತದೆ.

ಹೋದ ವಾರ ಅಮ್ಮ ತಂಗಿಯ ಜೊತೆ ಯಾವುದೋ ಸಭೆಗೆ ಹೋಗಿ, ವೇದಿಕೆಯ ಮೇಲೆ ಅವಳ ಪಕ್ಕದಲ್ಲೇ ಕೂತಿದ್ದಳೆಂದು ಗಿರಾಕಿಯೊಬ್ಬರು ಬಂದು ಹೇಳಿದರು. ಒಳ್ಳೆಯದಾಯಿತು ಎಂದೆ. ಭಾನುವಾರ ಸಂಜೆ, ಕೊನೆಯ ಬಾಣಲೆಯಲ್ಲಿ, ಒಂದು ಹಿಡಿ ಈರುಳ್ಳಿ ಹಾಕಿ ಕೈಕಟ್ಟಿ ನಿಂತೆ. ಅದು ಕೆಂಪಾಯಿತು, ಕಂದಾಯಿತು, ಇದ್ದಿಲಾಯಿತು. ಗಂಡ ಹಿಂದಿನಿಂದ "ಸೀದು ಹೋಗ್ತಿದೆ ಕಣೇ!" ಎಂದು ಕೂಗಿದರು. ನನಗೆ ಕಾಣುತ್ತಿದೆ ಎಂದೆ.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಗಾಡಿಯವನು ಅಂಗಡಿಯ ಮುಂದೆ ಬ್ರೇಕು ಹಾಕಿದ.

"ಅಕ್ಕಾ, ಯಾಕೆ ಬೇಜಾರು ಅಂತ ಕೇಳಿದ್ರು ನಿಮ್ಮಮ್ಮ."